ಮುಂದಿನ ಗೇರಿನ ಪರವಾಗಿ

ಮುಂಬಯಿಯ ವಿಕ್ರೋಳಿಯ ನಿವಾಸಿಗೆ ಸೈಕಲ್ಲಿನ ಮುಂದಿನ ಗೇರು, ಅಂದರೆ ಪೆಡಲಿನ ಬಳಿ ಚೈನನ್ನು ಚಕ್ರದಿಂದ ಚಕ್ರಕ್ಕೆ ಸರಿಸುವ ಸಾಧನ, ಅಲಂಕಾರದ ವಸ್ತುವಲ್ಲ. ಪೂರ್ವದಲ್ಲಿ ಥಾಣೆ ಖಾಡಿಯ ಕಾಂಡ್ಲಾ ಕಾಡಿನ ಕಡೆಗೆ ನೆಲವು ಸಮತಟ್ಟಾಗಿ ಹರಡಿದೆಯಾದರೂ, ಪಶ್ಚಿಮಾಭಿಮುಖವಾಗಿ ಹೊರಟವನಿಗೆ ಪಾರ್ಕ್‌ಸೈಟಿನ ಗುಡ್ಡವೂ ಪವಾಯಿಗೆ ಏರುವ ರಸ್ತೆಯೂ ಎದುರಾಗುತ್ತವೆ. ಆಗ ಪೆಡಲಿನ ಬಳಿಯ ಮೂರು ಹಲ್ಲುಚಕ್ರಗಳಲ್ಲಿ ಅತಿ ಕಿರಿದಾದುದಕ್ಕೆ ಚೈನು ಇಳಿಯಬೇಕು, ಅದು ಇಳಿಯದಿದ್ದರೆ ಸವಾರನೇ ಇಳಿಯಬೇಕು. ಆದರೂ ಇಲ್ಲಿಯ ಹಳೆಯ ಗೇರ್ ಸೈಕಲ್ಲುಗಳಲ್ಲಿ ಎಷ್ಟೋ ನಡುವಣ ಚಕ್ರವೊಂದರಲ್ಲಿಯೇ ಕಾಲ ಕಳೆಯುತ್ತಿರುತ್ತವೆ. ಸೈಕಲ್ ಮಿಸ್ತ್ರಿಯನ್ನು ಕೇಳಿದರೆ "ನಯಾ ಡಾಲ್ ದೋ ಸಾಬ್" (ಹೊಸದನ್ನು ಹಾಕಿಬಿಡಿ, ಸಾಹೇಬರೆ) ಎಂಬ ಒಂದೇ ವಾಕ್ಯದಲ್ಲಿ ತೀರ್ಪು ಮುಗಿಯುತ್ತದೆ. ಬಹುಪಾಲು ಪ್ರಸಂಗಗಳಲ್ಲಿ ಈ ತೀರ್ಪು ಅನ್ಯಾಯವಾದುದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲನೆಯದಾಗಿ, ಮುಂದಿನ ಗೇರಿನ ಪಾಲಿಗೆ ಬಂದಿರುವ ಕೆಲಸವೇ ಕಠಿನವಾದುದು. ಹಿಂದಿನ ಗೇರು, ಭಾರವನ್ನೆಲ್ಲ ಎಳೆದು ಮುಗಿಸಿ ಸಡಿಲವಾಗಿ ಹಿಂತಿರುಗುವ ಚೈನಿನ ಕೆಳಭಾಗವನ್ನು ಸರಿಸುತ್ತದೆ; ಮುಂದಿನದಾದರೋ, ಕಾಲಿನ ಸಮಸ್ತ ಬಲದಿಂದ ಬಿಗಿದು ನಿಂತ ಮೇಲ್ಭಾಗವನ್ನೇ ಪಕ್ಕಕ್ಕೆ ತಳ್ಳಬೇಕಾಗಿದೆ. ಏರಿನ ಮಧ್ಯದಲ್ಲಿ ಪೆಡಲನ್ನು ಬಲವಾಗಿ ತುಳಿಯುತ್ತಲೇ ಲಿವರನ್ನೆಳೆದು ಚೈನು ಕರಕರ ಸದ್ದು ಮಾಡಿತೆಂದು ದೂರುವವರು, ಗೇರು ಬದಲಿಸುವ ಕ್ಷಣದಲ್ಲಿ ಕಾಲನ್ನು ತುಸು ಹಗುರಗೊಳಿಸಿದರೆ ಅರ್ಧ ವ್ಯಾಧಿ ಅಲ್ಲಿಯೇ ಪರಿಹಾರವಾಗುತ್ತದೆ.

ಉಳಿದರ್ಧಕ್ಕೆ ಮುಂಬಯಿಯ ಹವೆಯೇ ಕಾರಣ. ಉಪ್ಪಿನ ಗಾಳಿ, ನಾಲ್ಕು ತಿಂಗಳ ಮಳೆ, ರಸ್ತೆಯ ಕೆಸರು ಇವು ಮೂರೂ ಸೇರಿ ಹಾಳುಗೆಡವುವುದು ಗೇರನ್ನಲ್ಲ, ಅದನ್ನೆಳೆಯುವ ಕೇಬಲನ್ನು. ದೊಡ್ಡ ಚಕ್ರಕ್ಕೆ ಏರುವಾಗ ಸವಾರನ ಹೆಬ್ಬೆರಳಿನ ಬಲವಿದೆ. ಕಿರಿಯದಕ್ಕೆ ಇಳಿಯುವಾಗಲಾದರೋ ಒಂದು ಸಣ್ಣ ಸ್ಪ್ರಿಂಗಿನ ಹೊರತು ಬೇರೆ ಆಸರೆಯಿಲ್ಲ. ಆದುದರಿಂದ ಏರಿದ ಚೈನು ಇಳಿಯದಿದ್ದಲ್ಲಿ, ಕೇಬಲನ್ನು ಬಿಚ್ಚಿ ಗೇರನ್ನು ಕೈಯಿಂದಲೇ ಹೊರಕ್ಕೆ ತಳ್ಳಿ ಬಿಡಬೇಕು. ಥಟ್ಟನೆ ಹಿಂದಕ್ಕೆ ಬಂದರೆ ಅದು ನಿರಪರಾಧಿ, ದೋಷವೆಲ್ಲ ಕೇಬಲಿನದು. ಆಲಸ್ಯದಿಂದ ಬಂದರೆ ಅದರ ಕೀಲುಗಳಿಗೆ ಸೀಮೆಎಣ್ಣೆಯ ಸ್ನಾನವೂ ಎರಡು ಹನಿ ಎಣ್ಣೆಯೂ ಸಾಕು. ಅನೇಕ ಸೈಕಲ್ಲುಗಳಲ್ಲಿ ಕೇಬಲು ಪೆಡಲಿನ ಅಚ್ಚಿನ ಅಡಿಯಲ್ಲಿರುವ ಪ್ಲಾಸ್ಟಿಕ್ ತೋಡೊಂದರಲ್ಲಿ ಹಾಯ್ದು ಬರುತ್ತದೆ. ಸೈಕಲ್ಲನ್ನು ತಲೆಕೆಳಗಾಗಿಸಿದ ಹೊರತು ಕಣ್ಣಿಗೆ ಬೀಳದ ಆ ಸಂದಿನಲ್ಲಿ, ಹೋದ ಮಳೆಗಾಲದ ಕೆಸರು ಇಟ್ಟಿಗೆಯಂತೆ ಗಟ್ಟಿಯಾಗಿ, ಕೇಬಲಿನ ತುಕ್ಕಿನೊಡನೆ ಬೆಸೆದುಕೊಂಡಿರುತ್ತದೆ. ಹಳೆಯ ಬ್ರಶ್ಶಿನಿಂದ ಅದನ್ನು ಕೆರೆದು, ಹೊಸ ಕೇಬಲನ್ನೂ ಅದರ ಹೊರಗವಚವನ್ನೂ ತೊಡಿಸಿದೊಡನೆ, ಸತ್ತಿತೆಂದುಕೊಂಡಿದ್ದ ಗೇರು ಎದ್ದು ಕುಳಿತ ಪ್ರಸಂಗಗಳು ವಿರಳವಲ್ಲ.

ಆದರೆ ನಮ್ಮಲ್ಲಿ ಎಲ್ಲರ ಕೈಯೂ ಮೊದಲು ಧಾವಿಸುವುದು ಗೇರಿನ ಮೇಲಿರುವ ಎರಡು ಸಣ್ಣ ಸ್ಕ್ರೂಗಳ ಕಡೆಗೆ! ಅವು ಕೇವಲ ಮೇರೆಗಳನ್ನು ನಿರ್ಣಯಿಸತಕ್ಕವು: ಒಂದು, ಚೈನು ಒಳಗಡೆ ಬೀಳದಂತೆ, ಇನ್ನೊಂದು, ಹೊರಗಡೆ ಹಾರದಂತೆ. ಗೇರಿನ ಹೊರತಗಡು ದೊಡ್ಡ ಚಕ್ರಕ್ಕೆ ಸಮಾನಾಂತರವಾಗಿ, ಅದರ ಹಲ್ಲುಗಳಿಂದ ಒಂದರಿಂದ ಮೂರು ಮಿಲಿಮೀಟರ್ ಮೇಲೆ ನಿಂತಿದೆಯೇ ಎಂದು ನೋಡದೆ ಸ್ಕ್ರೂ ತಿರುಗಿಸುವುದು ವ್ಯರ್ಥಶ್ರಮ.

ಚೈನಿನ ವಿಷಯದಲ್ಲಿ ಮಾತ್ರ ನಾನು ಮಿಸ್ತ್ರಿಯ ಪಕ್ಷ. ಹನ್ನೆರಡು ಅಂಗುಲವಿರಬೇಕಾದ ಚೈನಿನ ಭಾಗವು ಅಂಗುಲದ ಹದಿನಾರನೆಯ ಒಂದಂಶದಷ್ಟು ಬೆಳೆದಿದ್ದರೆ ಅದನ್ನು ಬದಲಿಸಲೇಬೇಕು. ಎಂಟನೆಯ ಒಂದಂಶದಷ್ಟು ಬೆಳೆಯುವವರೆಗೆ ಕಾದವನ ಹಲ್ಲುಚಕ್ರಗಳೂ ಸವೆದಿರುತ್ತವೆ. ಲಿವರು ಕೆಟ್ಟರೆ, ಹಿಂದಿನ ಗೇರಿಗೆ ಏನನ್ನಾದರೂ ಹಾಕಿಕೊಳ್ಳಿ, ಮುಂದಿನದಕ್ಕೆ ಕ್ಲಿಕ್ಕಿಲ್ಲದ ಹಳೆಯ ಮಾದರಿಯ ಲಿವರೇ ಉತ್ತಮ. 1984ರಲ್ಲಿ ಜಪಾನಿನ ಶಿಮಾನೊ ಕಂಪೆನಿ ಹೊರತಂದ ಕ್ಲಿಕ್ಕಿನ ವ್ಯವಸ್ಥೆಯು ಹಿಂದಿನ ಗೇರಿಗೆ ವರವಾದುದು ನಿಜ. ಆದರೆ ಮೂರೇ ಮೆಟ್ಟಿಲುಗಳ ಮುಂದಿನ ಗೇರಿನಲ್ಲಿ ಕೇಬಲಿನ ಅಲ್ಪಸ್ವಲ್ಪ ಸಡಿಲವನ್ನು ಸವಾರನ ಬೆರಳೇ ಸರಿತೂಗಿಸಿಕೊಳ್ಳಬಲ್ಲುದು.

ಇನ್ನು, ಮಿಸ್ತ್ರಿಯ ಆ ತೀರ್ಪಿನ ಹಿಂದೆ ನಗರದ ಪಾಲೂ ಇದೆ. ಪವಾಯಿ ಸರೋವರದ ಅಂಚಿನಲ್ಲಿ ಮಹಾನಗರಪಾಲಿಕೆಯು ಕಟ್ಟಹೊರಟ ಸೈಕಲ್ ಪಥವನ್ನು ಬಾಂಬೆ ಹೈಕೋರ್ಟು 2022ರ ಮೇ ತಿಂಗಳಲ್ಲಿ ಕಾನೂನುಬಾಹಿರವೆಂದು ಸಾರಿತು. ಸರೋವರದ ದೃಷ್ಟಿಯಿಂದ ಅದು ಒಳ್ಳೆಯದೇ ಆಯಿತು. ಪಥಗಳ ಕುರಿತು ಇಷ್ಟೆಲ್ಲ ವಾದವಿವಾದ ನಡೆಸಿದ ನಗರವು, ಫುಟ್‌ಪಾತಿನ ಮೇಲೆ ತಾಡಪತ್ರಿಯ ಕೆಳಗೆ ಒಂದು ಪಂಪು, ನೀರಿನ ತೊಟ್ಟಿ, ನಾಲ್ಕು ಪಾನಾಗಳನ್ನಿಟ್ಟುಕೊಂಡು ಕುಳಿತ ಮಿಸ್ತ್ರಿಯ ಬಗೆಗೆ ಒಂದು ಮಾತನ್ನೂ ಆಡಲಿಲ್ಲ. ಅವನು ಗೇರನ್ನು ಬಿಚ್ಚಿ ಶೋಧಿಸದೆ ಹೊಸದನ್ನು ಹಾಕೆನ್ನುವುದು ಅಜ್ಞಾನದಿಂದಲ್ಲ. ಯಾವ ಘಳಿಗೆಯಲ್ಲಿ ಪಾಲಿಕೆಯ ಗಾಡಿ ಬಂದು ಎಲ್ಲವನ್ನೂ ಹೊತ್ತೊಯ್ಯುವುದೋ ಎಂಬ ಭೀತಿಯಲ್ಲಿರುವವನು, ಒಂದು ಗಂಟೆ ಬೇಡುವ ಕೆಲಸವನ್ನು ಕೈಗೆತ್ತಿಕೊಳ್ಳಲಾರ. ವಿಕ್ರೋಳಿ ಸ್ಟೇಶನ್ನಿನ ಎರಡೂ ಬದಿಗಳಲ್ಲಿ, ಮಳೆಯ ನೀರು ನಿಲ್ಲದ ಒಂದೊಂದು ಮೂಲೆಯನ್ನು ಪರವಾನಗಿಯೊಡನೆ ಇಂಥವರಿಗೆ ಬಿಟ್ಟುಕೊಡಲು ಪಾಲಿಕೆಗೆ ಯಾವ ಸರೋವರವನ್ನೂ ಒತ್ತುವರಿ ಮಾಡುವ ಅಗತ್ಯವಿಲ್ಲ.