ಅಶೋಕನ ಕಲ್ಲಿನ ನೆರೆಮನೆಗೆ ಸೂರು ಬೇಡವೇ?

ತರಗತಿಯಲ್ಲಿ ಮಸ್ಕಿಯ ಹೆಸರನ್ನು ನಾನು ಎಷ್ಟು ಸಲ ಉಚ್ಚರಿಸಿದ್ದೇನೋ ಲೆಕ್ಕವಿಲ್ಲ. ನಿಜಾಮರ ಸೇವೆಯಲ್ಲಿದ್ದ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಇಲ್ಲಿನ ಗುಡ್ಡದ ಬಂಡೆಯ ಮೇಲೆ ಶಾಸನವನ್ನು ಕಂಡರು. ಬಿರುದಿನಿಂದಷ್ಟೇ ತಿಳಿದಿದ್ದ ದೊರೆ ಅಶೋಕನೇ ಎಂಬುದು ಆ ಬಂಡೆಯಲ್ಲಿದ್ದ ಹೆಸರಿನಿಂದ ಖಚಿತವಾಯಿತು. ಅಂಥ ಕಲ್ಲನ್ನು ಕಾಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ತಕರಾರು ಕಲ್ಲಿನ ಮೇಲಲ್ಲ. ಕಲ್ಲಿನ ಹೆಸರಿನಲ್ಲಿ ನೆರೆಮನೆಯ ಮಾಳಿಗೆಯ ಮೇಲೆ ಕಾನೂನು ಹೇರಿರುವ ಹೊರೆಯ ಮೇಲೆ.

ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ ಸುತ್ತಲೂ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಬಿದ್ದ ಮನೆಯನ್ನು ಅದೇ ಅಳತೆಯಲ್ಲಿ ಪುನಃ ಎಬ್ಬಿಸುವಂತೆಯೂ ಇಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ಒಡೆಯನಿಗೆ ದುರಸ್ತಿಗೆ ಮಾತ್ರ ಅನುಮತಿ ಕೇಳುವ ಹಕ್ಕುಂಟು. ಅನುಮತಿಯಿಲ್ಲದೆ ಮುಂದುವರಿದರೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ.

ಈಗ ನಮ್ಮ ಭಾಗದ ಹಳೆಯ ಮನೆಯನ್ನು ನೆನೆಯಿರಿ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಚಿಲಿಕೆ, ಅದರ ಮೇಲೆ ಗೇಣುದ್ದ ಮಣ್ಣು. ಮಳೆಗಾಲದ ಮುನ್ನ ಚೌಳು ಮಣ್ಣನ್ನು ಹರಡಿ ತುಳಿಯುವುದು ವಾಡಿಕೆ. ಬೇಸಿಗೆಗೆ ಅದರಂಥ ತಂಪು ಇನ್ನೊಂದಿಲ್ಲ, ನಿಜ. ಆದರೆ ವರ್ಷ ವರ್ಷ ಮಣ್ಣಿನ ಭಾರ ಏರುತ್ತದೆ, ತೊಲೆಗೆ ಗೆದ್ದಲು ಹತ್ತುತ್ತದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಸುರಿದ ಮಹಾಮಳೆಗೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಹೇಗೆ ಕುಸಿದವೆಂಬುದನ್ನು ಕಂಡವರಿಗೆ, ಮಾಳಿಗೆ ಬದಲಿಸುವುದು ಶೋಕಿಯಲ್ಲ, ಪ್ರಾಣದ ಪ್ರಶ್ನೆ ಎಂದು ಹೇಳಬೇಕಾಗಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆದ ಸಿಂಧನೂರಿನವರು ಮಣ್ಣು ಇಳಿಸಿ ಕಾಂಕ್ರೀಟು ಹಾಕುವಾಗ ನಗರಸಭೆಯನ್ನು ಕೇಳಿದರೆ ಸಾಕು. ಲಿಂಗಸುಗೂರಿನವರಿಗೂ ಸ್ಥಳೀಯ ಕಚೇರಿಯ ಮೆಟ್ಟಿಲೇ ಕೊನೆ. ಮಸ್ಕಿಯಲ್ಲಿ ಆ ಎಲ್ಲೆಯೊಳಗಿರುವವರ ಅರ್ಜಿ ಮಾತ್ರ ಸಕ್ಷಮ ಪ್ರಾಧಿಕಾರವನ್ನು ದಾಟಿ ದಿಲ್ಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದವರೆಗೆ ಹೋಗಿ ಬರಬೇಕು. ಕಾಯ್ದೆಯ ಗಡುವನ್ನೇ ಕೂಡಿಸಿ ನೋಡಿ: ಅರ್ಜಿ ಮುಂದೆ ಸಾಗಲು 15 ದಿನ, ದಿಲ್ಲಿಯ ಶಿಫಾರಸಿಗೆ ಎರಡು ತಿಂಗಳು, ಅಂತಿಮ ಆದೇಶಕ್ಕೆ ಒಂದು ತಿಂಗಳು. ಮೇ ಮೊದಲ ದಿನ ಅರ್ಜಿ ಕೊಟ್ಟವನಿಗೆ, ಎಲ್ಲರೂ ಗಡುವು ಪಾಲಿಸಿದರೂ, ಉತ್ತರ ದೊರೆಯುವುದು ಆಗಸ್ಟ್ ನಡುವಿಗೆ. ಮಳೆ ಕಡತಕ್ಕಾಗಿ ಕಾಯುತ್ತದೆಯೇ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದ ಪ್ರಶ್ನೆ ಇನ್ನೂ ಮೂಲಭೂತವಾದದ್ದು. "ಗುರುಗಳೇ, ಗೋಡೆ ಮುಟ್ಟುವುದಿಲ್ಲ, ಒಂದಡಿ ಎತ್ತರಿಸುವುದಿಲ್ಲ. ಮಣ್ಣು ತೆಗೆದು ಕಾಂಕ್ರೀಟು ಹಾಕಿದರೆ ಅದು ದುರಸ್ತಿಯೋ, ಪುನರ್ನಿರ್ಮಾಣವೋ?" ಅವರು ಸುತ್ತಿದ ಕಚೇರಿಗಳಲ್ಲಿ ದೊರೆತ ಉತ್ತರ ಒಂದೇ: "ಅದು ನಮ್ಮ ವ್ಯಾಪ್ತಿಯಲ್ಲ." ಕಾಯ್ದೆಯ ವ್ಯಾಖ್ಯೆಯನ್ನು ನೋಡಿದರೆ, ಇರುವ ಕಟ್ಟಡದಲ್ಲಿ ಮಾಡುವ ಬದಲಾವಣೆ ದುರಸ್ತಿ, ಅದೇ ಉದ್ದಗಲ, ಅದೇ ಎತ್ತರಕ್ಕೆ ಮತ್ತೆ ಎಬ್ಬಿಸಿದರೆ ಪುನರ್ನಿರ್ಮಾಣ. ಮಾಳಿಗೆಯ ಮಾತೇ ಅಲ್ಲಿಲ್ಲ. ಒಂದು ಶಬ್ದದ ಅರ್ಥ ತಿಳಿಯದ ಕಾರಣಕ್ಕೆ ಒಂದು ಸಂಸಾರ ಬಾಗಿದ ತೊಲೆಯ ಕೆಳಗೆ ಮಲಗಬೇಕೇ?

ನಿಯಮ ಸಡಿಲಿಸಿದರೆ ನಾಳೆ ಗುಡ್ಡದ ಬುಡದಲ್ಲಿ ಮೂರಂತಸ್ತಿನ ವಸತಿಗೃಹ ಏಳುತ್ತದೆಂದು ಕೆಲವರು ಹೆದರಿಸುತ್ತಾರೆ. ಆ ಭಯ ಸುಳ್ಳಲ್ಲ. ಹಾಗಾದರೆ ಎತ್ತರವನ್ನು ತಡೆಯಿರಿ, ಅಗೆತವನ್ನು ತಡೆಯಿರಿ, ಕಲ್ಲು ಒಡೆಯುವುದನ್ನು ತಡೆಯಿರಿ. ಇದ್ದ ಎತ್ತರದಲ್ಲೇ ಮಣ್ಣಿನ ಬದಲು ಸಿಮೆಂಟು ಬಂದರೆ ಅಶೋಕನ ಅಕ್ಷರಕ್ಕೆ ತಗುಲುವ ಹಾನಿ ಯಾವುದು? ತಗಡೂ ಬೇಡ, ಕಾಂಕ್ರೀಟೂ ಬೇಡ, ಗುಡ್ಡದ ಚೆಲುವು ಕೆಡುತ್ತದೆ ಎನ್ನುವವರು ತೊಲೆ ಜಂತಿಗಳ ಖರ್ಚನ್ನೂ, ಆ ಕೆಲಸ ಬಲ್ಲ ಬಡಿಗರನ್ನೂ ಒದಗಿಸಲಿ. ಬಡವನ ಕಿಸೆಯಿಂದ ಚೆಲುವು ಬೇಡುವುದು ನ್ಯಾಯವಲ್ಲ.

ಸರ್ಕಾರಕ್ಕೆ ಈ ಬಿಗಿ ಗೊತ್ತಿಲ್ಲವೆಂದಲ್ಲ. ನಿಷೇಧಿತ ಪ್ರದೇಶದಲ್ಲಿ ಕೇಂದ್ರದ ಸಾರ್ವಜನಿಕ ಕಾಮಗಾರಿಗಳಿಗೆ ವಿನಾಯಿತಿ ಕೊಡುವ ಮಸೂದೆಗೆ 2018ರ ಜನವರಿಯಲ್ಲಿ ಲೋಕಸಭೆ ಒಪ್ಪಿಗೆ ನೀಡಿತು; ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು. ತನ್ನ ರಸ್ತೆ, ಸೇತುವೆಗೆ ದಾರಿ ಹುಡುಕಿದ ಸರ್ಕಾರಕ್ಕೆ ಪ್ರಜೆಯ ಮಾಳಿಗೆ ಏಕೆ ನೆನಪಾಗಲಿಲ್ಲ? 2023ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೇ, ಕೆಲವೆಡೆ ಇಡೀ ಹಳ್ಳಿಗಳು ಈ 300 ಮೀಟರಿನೊಳಗೆ ಸಿಕ್ಕಿ ಮನೆ ದುರಸ್ತಿಯೂ ಕಷ್ಟವಾಗಿದೆಯೆಂದು ಗುರುತಿಸಿತು.

ನನ್ನ ಬೇಡಿಕೆ ಸಣ್ಣದು. ಗೋಡೆ, ಉದ್ದಗಲ, ಎತ್ತರ ಬದಲಾಗದಿದ್ದರೆ ಮಾಳಿಗೆ ಬದಲಿಸುವುದು ದುರಸ್ತಿಯೇ ಎಂದು ಸ್ಪಷ್ಟವಾಗಿ ಬರೆಯಲಿ. ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಉಪವಿಧಿ ರಚಿಸಬೇಕೆಂದು 2010ರ ಕಾಯ್ದೆಯೇ ವಿಧಿಸಿದೆ. ಯಾವ ಸಾಮಗ್ರಿ ಸಲ್ಲುತ್ತದೆಂಬುದು ಅದರಲ್ಲಿ ಕನ್ನಡದಲ್ಲಿರಲಿ, ಪುರಸಭೆಯ ಗೋಡೆಯ ಮೇಲೆ ತೂಗಲಿ. ಇಂಥ ಅರ್ಜಿ ತಾಲ್ಲೂಕಿನಲ್ಲೇ 30 ದಿನದೊಳಗೆ ತೀರ್ಮಾನವಾಗಲಿ. ಉತ್ತರ ಬಾರದಿದ್ದರೆ ಒಪ್ಪಿಗೆಯೆಂದೇ ತಿಳಿಯಲಿ.

ಆ ಬಂಡೆಯ ಶಾಸನದ ಸಾರವೇನು? ಶ್ರೇಯಸ್ಸು ದೊಡ್ಡವರ ಸೊತ್ತಷ್ಟೇ ಅಲ್ಲ, ಸಣ್ಣವರಿಗೂ ಅದು ಸಾಧ್ಯ. ಇದನ್ನು ಇಬ್ಬರಿಗೂ ತಿಳಿಸಿರಿ ಎಂಬುದು. ಕಲ್ಲನ್ನು ಕಾಯುವವರು ಅದರ ಮಾತನ್ನೂ ಕಾಯಲಿ.