ಬಿಸಿಲಿಗೆ ಬರಬೇಕಾದ ಬಟ್ಟೆ

ಕನ್ನಡದ 'ಮುಟ್ಟು' ಎಂಬ ಪದಕ್ಕೆ ಸ್ಪರ್ಶ, ಉಪಕರಣ, ಋತುಸ್ರಾವ ಎಂಬ ಮೂರು ಅರ್ಥಗಳಿವೆ. ಮೂರನೆಯ ಅರ್ಥ ಬಂದೊಡನೆ ಮೊದಲನೆಯದು ನಿಷಿದ್ಧವಾಗುತ್ತದೆ. ವಾಗದರಿಯಂತಹ ಗಡಿ ಊರಿನಲ್ಲಿ ಎರಡು ಭಾಷೆಗಳು ಒಂದೇ ಅಂಗಳದಲ್ಲಿ ಬೆಳೆದಿವೆ. ಕನ್ನಡದಲ್ಲಿ ಹೆಣ್ಣು 'ಹೊರಗಾಗುತ್ತಾಳೆ'. ಮರಾಠಿಯಲ್ಲಿ 'ಕಾವಳಾ ಶಿವಲಾ', ಅಂದರೆ ಅವಳನ್ನು ಕಾಗೆ ಮುಟ್ಟಿತು, ಎನ್ನುತ್ತಾರೆ. ಮಾತು ಬೇರೆ, ಮರೆಮಾಚುವ ಬುದ್ಧಿ ಒಂದೇ. ಮರುಬಳಕೆಯ ಮುಟ್ಟಿನ ಸಾಧನಗಳ ಚರ್ಚೆ ಇಲ್ಲಿಂದಲೇ ಆರಂಭವಾಗಬೇಕು.

ಮರುಬಳಕೆ ಹೊಸದೇನಲ್ಲ. ಹಳೆಯ ಸೀರೆಯ ತುಂಡು ತಲೆಮಾರುಗಳ ಕಾಲ ಆ ಕೆಲಸ ಮಾಡಿದೆ. ಅದರಿಂದ ತೊಂದರೆಯಾದುದು ಬಟ್ಟೆಯ ದೋಷದಿಂದಲ್ಲ. ನಾಚಿಕೆಯಿಂದ ಅದನ್ನು ಬಚ್ಚಲ ಮೂಲೆಯಲ್ಲಿ, ಬೇರೆ ಬಟ್ಟೆಗಳ ಅಡಿಯಲ್ಲಿ ಅರೆಬರೆ ಒಣಗಿಸಿದುದರಿಂದ. ಆದ್ದರಿಂದಲೇ ಪ್ಯಾಡು ಬಂದಾಗ ಬಿಡುಗಡೆಯೆನಿಸಿತು. 2018ರಲ್ಲಿ ಮಹಾರಾಷ್ಟ್ರ ಸರ್ಕಾರವು 'ಅಸ್ಮಿತಾ' ಯೋಜನೆಯಡಿ ಜಿಲ್ಲಾ ಪರಿಷತ್ ಶಾಲೆಗಳ ಬಾಲಕಿಯರಿಗೆ 5 ರೂಪಾಯಿಗೆ ಎಂಟು ಪ್ಯಾಡುಗಳನ್ನು ಕೊಡತೊಡಗಿದುದು ಸಣ್ಣ ಉಪಕಾರವಲ್ಲ.

ಆದರೆ ಪ್ಯಾಡಿಗೂ ಬೆಲೆ ತೆರಬೇಕಾಗಿದೆ. ಅದರ ಪ್ಲಾಸ್ಟಿಕ್ ಪದರ ಮಣ್ಣಿನಲ್ಲಿ ಕರಗುವುದಿಲ್ಲ. ಕಸದ ಗಾಡಿ ಬಾರದ ಹಳ್ಳಿಯಲ್ಲಿ ಅದರ ಗತಿ ಹಳ್ಳ ಇಲ್ಲವೆ ತಿಪ್ಪೆ. ಸೋಲಾಪುರದ ಬೇಸಿಗೆಯಲ್ಲಿ ಅದೇ ಪದರ ಬೆವರಿ, ಉಜ್ಜಿ, ಚರ್ಮ ಕೆಂಪಾಗಿಸುತ್ತದೆ. ತಿಂಗಳಿಗೆ 60 ರೂಪಾಯಿ ಎಂದು ಹಿಡಿದರೂ ಹತ್ತು ವರ್ಷಕ್ಕೆ 7,200 ರೂಪಾಯಿ. ಕೆಲವು ನೂರು ರೂಪಾಯಿಯ ಸಿಲಿಕೋನ್ ಕಪ್ ಕುದಿಸಿ ಬಳಸಿದರೆ ಅಷ್ಟು ಕಾಲ ಬಾಳಬಲ್ಲದು. 'ಲ್ಯಾನ್ಸೆಟ್' ಸಮೂಹದ ವೈದ್ಯಕೀಯ ಪತ್ರಿಕೆಯೊಂದು 2019ರಲ್ಲಿ 43 ಅಧ್ಯಯನಗಳನ್ನು ಪರಾಮರ್ಶಿಸಿ, ಕಪ್ ಸುರಕ್ಷಿತವೆಂಬ ನಿರ್ಣಯವನ್ನು ಪ್ರಕಟಿಸಿತು. ಕರ್ನಾಟಕವು ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ 'ಮೈತ್ರಿ' ಹೆಸರಿನಲ್ಲಿ ಅದನ್ನು ವಿದ್ಯಾರ್ಥಿನಿಯರಿಗೆ ಹಂಚಿ ನೋಡಿದೆ. ಕಪ್ ಒಗ್ಗದವರಿಗೆ ಹತ್ತಿಯ ಪ್ಯಾಡು ಇದೆ; ಚಾದರ, ಟವೆಲ್‌ಗಳಿಗೆ ಹೆಸರಾದ ಜಿಲ್ಲೆಯ ಮಹಿಳೆಯರಿಗೆ ಅದನ್ನು ಹೊಲಿಯುವುದು ಕಷ್ಟವಲ್ಲ.

ಇದಕ್ಕೆ ನಿಜವಾದ ಆಕ್ಷೇಪ ನೀರಿನದು. ಟ್ಯಾಂಕರಿಗೆ ಕೊಡ ಹಿಡಿದು ಕಾಯುವ ಮನೆಯಲ್ಲಿ ದಿನವೂ ಬಟ್ಟೆ ಒಗೆಯೆಂಬ ಉಪದೇಶ ಕ್ರೂರವಾದೀತು. ಕಪ್‌ಗೆ ಕಡಿಮೆ ನೀರು ಸಾಕು; ಆದರೆ ಅದು ಶುದ್ಧವಾಗಿರಬೇಕು, ಶೌಚಾಲಯಕ್ಕೆ ಚಿಲಕವಿರಬೇಕು. ಇವನ್ನು ಒದಗಿಸದೆ ಪರಿಸರದ ಹೊರೆಯನ್ನು ಹೆಣ್ಣಿನ ಹೆಗಲಿಗಷ್ಟೇ ಹೊರಿಸುವುದು ನ್ಯಾಯವಲ್ಲ. ಆಯ್ಕೆ ಅವಳದೇ ಆಗಿರಲಿ.

ಆಯ್ಕೆಗೆ ಬೇಕಾದ ಧೈರ್ಯ ಮಾತ್ರ ಈ ನೆಲದಲ್ಲಿ ಕಡವಲ್ಲ. ಶರಣರು ಅಲ್ಲಗಳೆದ ಐದು ಸೂತಕಗಳಲ್ಲಿ ರಜಸ್ಸೂತಕವೂ ಒಂದು. ಇದೇ ಸೋಲಾಪುರ ಜಿಲ್ಲೆಯ ಮಂಗಳವೇಢೆಯ ಚೋಖಾಮೇಳರ ಪತ್ನಿ ಸೋಯರಾಬಾಯಿ ದೇಹದ ಮೈಲಿಗೆಯೆಂಬ ಕಲ್ಪನೆಯನ್ನೇ ಅಭಂಗದಲ್ಲಿ ಪ್ರಶ್ನಿಸಿದಳು. ಪರೀಕ್ಷೆಯಲ್ಲಿ ಸೂತಕ ನಿರಾಕರಣೆಯ ಬಗೆಗೆ ಪುಟ ತುಂಬಿಸುವ ವಿದ್ಯಾರ್ಥಿ, ಮನೆಯ ಹಗ್ಗದ ಮೇಲೆ ಅಕ್ಕತಂಗಿಯರ ಆ ಬಟ್ಟೆ ಕಂಡು ಮುಖ ತಿರುಗಿಸಿದರೆ ಓದಿದ್ದು ಬಾಯಿಪಾಠ ಮಾತ್ರ. ಅಂಗಳದ ಬಿಸಿಲಿಗೆ ದುಡ್ಡಿಲ್ಲ. ಅದರಲ್ಲಿ ಆ ಬಟ್ಟೆ ಅಂಜಿಕೆಯಿಲ್ಲದೆ ಒಣಗುವಂತಾದರೆ, ಕಪ್ಪೋ ಬಟ್ಟೆಯೋ ಎಂಬುದನ್ನು ಹೆಣ್ಣುಮಕ್ಕಳು ತಾವೇ ತೀರ್ಮಾನಿಸಿಕೊಳ್ಳುತ್ತಾರೆ.