ಶಬ್ದ ಏರಿದ ಮಾತ್ರಕ್ಕೆ ಶಕ್ತಿ ಏರುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಸ್ಪೋರ್ಟ್ಸ್ ಕಾರುಗಳಿಗೆ ಹೊರಗಿನಿಂದ ತಂದು ಹಾಕಿಸುವ ಎಕ್ಸಾಸ್ಟ್‌ಗಳ ಬಗ್ಗೆ ಬಂದ ಬರಹ ಓದಿದೆ. ಎಕ್ಸಾಸ್ಟ್ ಬದಲಿಸಿದರೆ 30ರಿಂದ 35 ಎಚ್‌ಪಿ ಶಕ್ತಿ ಹೆಚ್ಚುತ್ತದೆ ಎಂದು ಅದರಲ್ಲಿತ್ತು. ಆ ಸಂಖ್ಯೆಯನ್ನು ಯಾರು ಅಳೆದರು, ಹೇಗೆ ಅಳೆದರು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಪಾಲಿಟೆಕ್ನಿಕ್‌ನ ಆಟೊಮೊಬೈಲ್ ವಿಭಾಗದಲ್ಲಿ 28 ವರ್ಷ ಪಾಠ ಮಾಡಿದ ನನಗೆ ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಇಂಥದೇ ಸಂಖ್ಯೆಯೊಂದನ್ನು ನಂಬಿ ನನ್ನ ಅಕ್ಕನ ಮಗ ಒಂದು ಲಕ್ಷ ನಲವತ್ತು ಸಾವಿರ ರೂಪಾಯಿ ಕಳೆದುಕೊಂಡಿದ್ದಾನೆ.

ಅವನದು ಎರಡು ಲೀಟರಿನ ಟರ್ಬೊ ಪೆಟ್ರೋಲ್ ಕಾರು. "ಮಾವ, ನೋಡಿ, 34 ಎಚ್‌ಪಿ ಜಾಸ್ತಿ ಆಗಿದೆ" ಎನ್ನುತ್ತ ಅಂಗಡಿಯವರು ಕೊಟ್ಟ ಎರಡು ಡೈನೊ ಹಾಳೆಗಳನ್ನು ನಮ್ಮ ಊಟದ ಮೇಜಿನ ಮೇಲೆ ಹರಡಿದ. ಮೊದಲಿನದರಲ್ಲಿ 168, ಎರಡನೆಯದರಲ್ಲಿ 202. ಕನ್ನಡಕ ಹಾಕಿಕೊಂಡು ಹಾಳೆಯ ಮೂಲೆಯ ಸಣ್ಣ ಅಕ್ಷರ ಓದಿದೆ. ಮೊದಲಿನದು ಚಕ್ರದಲ್ಲಿ ಸಿಕ್ಕ ಶಕ್ತಿ, ಎರಡನೆಯದು ಎಂಜಿನ್ನಿನ ಶಕ್ತಿ! ಡೈನೊ ಎಂದರೆ ಕಾರಿನ ಚಕ್ರಗಳನ್ನು ರೋಲರ್‌ಗಳ ಮೇಲೆ ನಿಲ್ಲಿಸಿ ಓಡಿಸುವ ಯಂತ್ರ. ಅದು ಅಳೆಯುವುದು ಚಕ್ರಕ್ಕೆ ಬಂದು ಮುಟ್ಟಿದ ಶಕ್ತಿಯನ್ನು. ಗೇರ್‌ಬಾಕ್ಸ್, ಆಕ್ಸಲ್, ಟೈರುಗಳಲ್ಲಿ ಶೇ 15ರಷ್ಟು ನಷ್ಟವಾಗಿದೆ ಎಂದು ಊಹಿಸಿ, ಅದನ್ನು ಕೂಡಿಸಿ ಎಂಜಿನ್ನಿನ ಶಕ್ತಿ ಇಷ್ಟು ಎಂದು ಹೇಳುವುದು ರೂಢಿ. 202ರಿಂದ ಆ ಶೇ 15 ತೆಗೆದರೆ ಉಳಿಯುವುದು 172. ಅಂದರೆ ಹೆಚ್ಚಳ 34 ಅಲ್ಲ, ನಾಲ್ಕು. ಆ ನಾಲ್ಕೂ ಎರಡು ಬೇರೆ ಬೇರೆ ದಿನ ಅಳೆದು ಬಂದದ್ದು.

ಒಂದೇ ಕಾರನ್ನು ಒಂದೇ ಯಂತ್ರದ ಮೇಲೆ ಎರಡು ದಿನ ಓಡಿಸಿದರೂ ನಾಲ್ಕೈದು ಎಚ್‌ಪಿ ವ್ಯತ್ಯಾಸ ಬರುವುದು ಹೊಸತಲ್ಲ. ಎಂಜಿನ್ ಎಷ್ಟು ಬಿಸಿಯಾಗಿತ್ತು, ಟೈರಿನಲ್ಲಿ ಗಾಳಿ ಎಷ್ಟಿತ್ತು, ಕಾರನ್ನು ಕಟ್ಟಿದ ಪಟ್ಟಿ ಎಷ್ಟು ಬಿಗಿಯಿತ್ತು, ಮುಂದೆ ಇಟ್ಟ ಫ್ಯಾನ್ ಎಷ್ಟು ದೊಡ್ಡದು, ಯಾವ ಗೇರಿನಲ್ಲಿ ಓಡಿಸಿದರು, ಎಲ್ಲವೂ ಅಂಕಿಯನ್ನು ಅಲುಗಾಡಿಸುತ್ತವೆ. ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಯದರ ಹತ್ತರಲ್ಲಿ ಒಂಬತ್ತು ಪಾಲು. ಅದನ್ನು ಸರಿದೂಗಿಸಲು ಡೈನೊ ತಾನಾಗಿಯೇ ಒಂದಿಷ್ಟು ಶಕ್ತಿ ಸೇರಿಸಿ ತೋರಿಸುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಇದು ನ್ಯಾಯ. ಟರ್ಬೊ ಇರುವ ಎಂಜಿನ್ ಗಾಳಿಯ ಕೊರತೆಯನ್ನು ಬಹುಮಟ್ಟಿಗೆ ತಾನೇ ತುಂಬಿಕೊಳ್ಳುತ್ತದೆ. ಅದಕ್ಕೂ ಅದೇ ಲೆಕ್ಕ ಹಾಕಿದರೆ ಕಾಗದದ ಮೇಲಷ್ಟೇ ಶಕ್ತಿ ಉಬ್ಬುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಹುಡುಗನನ್ನು ಕರೆದುಕೊಂಡು ಬೇರೊಂದು ಗ್ಯಾರೇಜಿಗೆ ಹೋದೆ. ಕಂಪನಿಯ ಮೂಲ ಸೈಲೆನ್ಸರ್ ಹಾಕಿಸಿ, ನಡುವೆ ತಣಿಯಲು ಬಿಟ್ಟು, ಮೂರು ಸಲ ಓಡಿಸಿದೆವು. ಚಕ್ರದಲ್ಲಿ 169, 171, 168. ಅಲ್ಲೇ ಹೊಸ ಎಕ್ಸಾಸ್ಟ್ ಜೋಡಿಸಿ ಮತ್ತೆ ಮೂರು ಸಲ: 171, 173, 170. ಸರಾಸರಿ ಹೆಚ್ಚಿದ್ದು ಎರಡು ಎಚ್‌ಪಿ. ಕೊಳವೆಯ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಶಬ್ದಮಾಪಕ ಇಟ್ಟು ಅದನ್ನೂ ನೋಡಿದೆವು. ಮೊದಲು 84 ಡೆಸಿಬೆಲ್ ಇದ್ದದ್ದು 97ಕ್ಕೆ ಏರಿತ್ತು. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು, 13 ಏರಿದರೆ ಇಪ್ಪತ್ತು ಪಟ್ಟು. ಹುಡುಗ ಹಣ ಕೊಟ್ಟು ಕೊಂಡದ್ದು ಇಪ್ಪತ್ತು ಪಟ್ಟು ಶಬ್ದವನ್ನು. ಶಕ್ತಿ ಬಂದದ್ದು ಅಳತೆಯ ತಪ್ಪಿನೊಳಗೇ ಅಡಗುವಷ್ಟು.

ಹೀಗಾಗಲು ಕಾರಣವಿದೆ. ಈಗಿನ ಬಹುತೇಕ ಟರ್ಬೊ ಕಾರುಗಳಲ್ಲಿ ಎಷ್ಟು ಟಾರ್ಕ್ ಬರಬೇಕೆಂದು ಗೊತ್ತುಮಾಡುವುದು ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್. ಹೊಗೆಯ ದಾರಿ ಸಲೀಸಾದರೆ ಅದು ಟರ್ಬೊವನ್ನು ಅದಕ್ಕೆ ತಕ್ಕಷ್ಟು ತಗ್ಗಿಸಿ ತನ್ನ ಮಿತಿಯಲ್ಲೇ ನಿಲ್ಲುತ್ತದೆ. ಎಕ್ಸಾಸ್ಟ್‌ನಿಂದ ಲಾಭವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲೋ ಚೆನ್ನೈ ಬಳಿಯ ಟ್ರ್ಯಾಕಿನಲ್ಲೋ ಓಡುವ ರೇಸ್ ಕಾರಿಗೆ, ಎಂಜಿನ್ನಿನ ಉಳಿದ ಭಾಗಗಳನ್ನೂ ಹೊಂದಿಸಿ ಹಾಕಿದ ಎಕ್ಸಾಸ್ಟ್ ಖಂಡಿತ ಕೆಲಸ ಮಾಡುತ್ತದೆ. ಅಲ್ಲಿನವರು ಅಳೆದೇ ಹಾಕುತ್ತಾರೆ. ರಸ್ತೆಯ ಕಾರಿಗೆ ಹಾಕಿಸಿದವರು ಕಿವಿಗೆ ಕೇಳಿದ್ದನ್ನೇ ಶಕ್ತಿ ಎಂದು ತಿಳಿಯುತ್ತಾರೆ.

ಇದರ ಬೆಲೆ ತೆರುವವರು ಬೀದಿಯ ಜನ. ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು ಬಂದದ್ದು 2000ದಲ್ಲಿ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ನಮ್ಮ ಬೀದಿಯಲ್ಲಿ ನಡುರಾತ್ರಿ ಅಂಥದೊಂದು ಕಾರು ಹಾದುಹೋದರೆ ಕಿಟಕಿಯ ಗಾಜು ಅದುರುತ್ತದೆ, ಪಕ್ಕದ ಮನೆಯ ಹಸುಗೂಸು ಎದ್ದು ಅಳುತ್ತದೆ. ಕೆಲವರು ಮೂಲ ಸೈಲೆನ್ಸರ್ ಜತೆಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕಿತ್ತುಹಾಕಿಸುತ್ತಾರೆ. ಆಗ ಕಾರ್ಬನ್ ಮೊನಾಕ್ಸೈಡು, ನೈಟ್ರೊಜನ್ ಆಕ್ಸೈಡುಗಳು ನೇರ ನಮ್ಮ ಮೂಗಿಗೆ.

ಕಾನೂನಿಗೆ ಕೊರತೆಯಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಯನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಅಕ್ರಮ ಬದಲಾವಣೆ ಒಂದೊಂದಕ್ಕೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿನ್ಯಾಸ ಬದಲಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಹೇಳಿತು. ಹಾಗಿದ್ದೂ ನಮ್ಮಲ್ಲಿ ನಡೆಯುವುದೇನು? ಪೊಲೀಸರು ಆಗಾಗ ಸೈಲೆನ್ಸರ್‌ಗಳನ್ನು ರಸ್ತೆಯ ಮೇಲೆ ಸಾಲಾಗಿ ಹರಡಿ ರೋಡ್ ರೋಲರ್ ಹರಿಸುತ್ತಾರೆ, ಪತ್ರಿಕೆಗಳಲ್ಲಿ ಫೋಟೊ ಬರುತ್ತದೆ. ಅಲ್ಲಿ ಬಹುಪಾಲು ಬೈಕ್ ಹುಡುಗರವು. ಕೋಟಿ ರೂಪಾಯಿಯ ಕಾರಿನದು ಕಾಣುವುದು ಅಪರೂಪ. ಅದನ್ನು ಮಾರಿದ ಅಂಗಡಿ ಮರುದಿನವೂ ಬಾಗಿಲು ತೆರೆದಿರುತ್ತದೆ. ಎಮಿಷನ್ ಟೆಸ್ಟ್‌ನಲ್ಲಿ ಹೊಗೆ ನೋಡುತ್ತಾರೆಯೇ ಹೊರತು ಶಬ್ದ ನೋಡುವುದಿಲ್ಲ.

ಜರ್ಮನಿಯಲ್ಲಿ ಪ್ರತಿ ಕಾರಿನ ನೋಂದಣಿ ಪತ್ರದಲ್ಲೇ ಅದು ನಿಂತಲ್ಲಿ ಎಷ್ಟು ಡೆಸಿಬೆಲ್ ಶಬ್ದ ಮಾಡಬಹುದು, ಎಷ್ಟು ಆರ್‌ಪಿಎಂನಲ್ಲಿ ಅಳೆಯಬೇಕು ಎಂದು ಬರೆದಿರುತ್ತದೆ. ರಸ್ತೆಯಲ್ಲಿ ತಡೆದ ಪೊಲೀಸರು ಮೀಟರ್ ಹಿಡಿದು ತಾಳೆ ನೋಡುತ್ತಾರೆ. ಜಗಳಕ್ಕೆ ಎಡೆಯಿಲ್ಲ. ನಿಂತ ವಾಹನದ ಶಬ್ದ ಅಳೆಯುವ ಭಾರತೀಯ ಮಾನಕ ನಮ್ಮಲ್ಲೂ ಇದೆ, ಐಎಸ್ 10399. ಬಳಸಬೇಕಷ್ಟೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಸಾರಿಗೆ ಇಲಾಖೆ ಆರ್‌ಸಿಯಲ್ಲಿ ಶಬ್ದದ ಅಂಕಿಯನ್ನು ನಮೂದಿಸಲು ಕೇಂದ್ರಕ್ಕೆ ಬರೆಯಲಿ, ಎಮಿಷನ್ ಟೆಸ್ಟ್ ಕೇಂದ್ರಗಳಿಗೆ ಶಬ್ದಮಾಪಕ ಕೊಡಿಸಲಿ. ಸಂಚಾರ ಪೊಲೀಸರು ಬೈಕು ಕಾರು ಎನ್ನದೆ ಅಳೆದು ದಂಡ ಹಾಕಲಿ, ಮಾರುವ ಅಂಗಡಿಗಳನ್ನೂ ವಿಚಾರಿಸಲಿ. ಪತ್ರಿಕೆಯವರಾದ ತಾವು ಇನ್ನು ಮುಂದೆ ಇಷ್ಟು ಎಚ್‌ಪಿ ಹೆಚ್ಚಿತು ಎಂದು ಅಚ್ಚು ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ: ಚಕ್ರದಲ್ಲೋ ಎಂಜಿನ್ನಿನಲ್ಲೋ? ಒಂದೇ ದಿನ, ಒಂದೇ ಯಂತ್ರದ ಮೇಲೋ? ಎಷ್ಟು ಸಲ ಓಡಿಸಿದ್ದರ ಸರಾಸರಿ?

ನನ್ನ ಅಕ್ಕನ ಮಗ ಅದೇ ಭಾನುವಾರ ಸಂಜೆ ಮೂಲ ಸೈಲೆನ್ಸರನ್ನೇ ಮತ್ತೆ ಹಾಕಿಸಿಕೊಂಡ. ಕಾರು ಮೊದಲಿನಷ್ಟೇ ವೇಗವಾಗಿ ಓಡುತ್ತಿದೆ.

ಇಂತಿ,
ನಿವೃತ್ತ ಉಪನ್ಯಾಸಕ, ಬೆಂಗಳೂರು